ಹಾಜರಿ ನಂಬರ್ ನಂಬಿ ಕೆಟ್ಟೆ

ಹೊನ್ನಾಳಿ ಬಸ್ ಸ್ಟ್ಯಾಂಡಿನಿಂದ ನಡೆದುಹೋಗುವಷ್ಟು ದೂರದಲ್ಲಿ ನಮ್ಮ ಚಿಕ್ಕಪ್ಪನ ಸ್ಟುಡಿಯೋ ಇದೆ. ಮುಂದುಗಡೆ ಫೋಟೋ, ಹಿಂದುಗಡೆ ಡಿಟಿಪಿ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆ ಕಾರ್ಡು, ಜಾತ್ರೆ ಕರಪತ್ರ ಎಲ್ಲಾ ಅಲ್ಲೇ. 2001ರ ಸುಮಾರಿಗೆ ಅವರು ಬೆಂಗಳೂರಿನ ಎಸ್‌ಪಿ ರೋಡಿಂದ ಒಂದು ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್ ತಂದಿದ್ದರು. ಯಾವುದೋ ಜಾಹೀರಾತು ಕಂಪನಿಯವರು ಬೇಡ ಅಂತ ಮಾರಿದ್ದು. ಎತ್ತೋಕೆ ಇಬ್ಬರು ಬೇಕು. ಆಯುಧ ಪೂಜೆ ದಿನ ಅದಕ್ಕೆ ವಿಭೂತಿ ಬಳಿದು, ಹೂ ಹಾಕಿ, ನಿಂಬೆಹಣ್ಣು ಇಡುತ್ತಿದ್ದರು. ಕ್ಯಾಮೆರಾಗೂ ಅಷ್ಟು ಮರ್ಯಾದೆ ಇರಲಿಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಆ ಕಂಪ್ಯೂಟರ್ ಕೈಕೊಟ್ಟಿತು. ಅವತ್ತೇ ಚಿಕ್ಕಪ್ಪ ಅದಕ್ಕೆ ಮೂರನೇ ಹಾರ್ಡ್ ಡಿಸ್ಕ್ ಹಾಕಿದ್ದರು, ಅದೂ ಹಳೇದೇ. ಆನ್ ಮಾಡಿದರೆ ಕಪ್ಪು ಸ್ಕ್ರೀನಿನಲ್ಲಿ ಎರಡು ಸಾಲು ಇಂಗ್ಲಿಷ್ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಮಾರನೇ ದಿನ ಬೆಳಿಗ್ಗೆ ಗೋವಿನಕೋವಿ ಕಡೆಯವರಿಗೆ ಐನೂರು ಮದುವೆ ಕಾರ್ಡು ಕೊಡಬೇಕು, ಫೈಲು ಒಳಗಿದೆ. ಹೊರಗೆ ಬೆಂಚಿನ ಮೇಲೆ ಹುಡುಗಿ ಅಪ್ಪ ಕೂತಿದ್ದಾರೆ, ಪ್ರೂಫ್ ನೋಡಿಕೊಂಡೇ ಹೋಗೋಣ ಅಂತ.

ಚಿಕ್ಕಪ್ಪ ಡಬ್ಬ ಬಿಚ್ಚಿ ನನ್ನ ಕೈಗೆ ಟಾರ್ಚ್ ಕೊಟ್ಟರು. ಚಿಕ್ಕಮ್ಮನ ಹುಬ್ಬಿನ ಚಿಮಟ ತಗೊಂಡು ಹೊಸ ಡಿಸ್ಕಿನ ತುದಿಯಲ್ಲಿದ್ದ ಪಿನ್ನುಗಳನ್ನು ನೋಡತೊಡಗಿದರು. ಅಕ್ಕಿಕಾಳಿಗಿಂತ ಒಂಚೂರು ದಪ್ಪ ಇರುವ ಕರೀ ಟೋಪಿಯಂಥ ವಸ್ತು. ಅದಕ್ಕೆ ಜಂಪರ್ ಅಂತಾರೆ.

"ಲೇ ತಮ್ಮ, ಟಾರ್ಚ್ ಅಲ್ಲಾಡಿಸಬ್ಯಾಡ. ಇದೂ ಸೊನ್ನೆ, ಅದೂ ಸೊನ್ನೆ. ಅದ್ಕೇ ಜಗಳ."

ಅವರು ಹೇಳಿದ್ದು ನನಗೆ ಅರ್ಥವಾಗಿದ್ದು ಇಂಜಿನಿಯರಿಂಗಿನಲ್ಲಿ. ಆ ಕಾಲದ ದೊಡ್ಡ ಮಷಿನ್‌ಗಳಲ್ಲಿ ಸ್ಕಸಿ ಅಂತ ಒಂದು ವ್ಯವಸ್ಥೆ ಇರುತ್ತಿತ್ತು. 1986ರಲ್ಲಿ ಅಮೆರಿಕದಲ್ಲಿ ಅದು ಸ್ಟ್ಯಾಂಡರ್ಡ್ ಆಯಿತು, ಅದೇ ವರ್ಷ ಬಂದ ಆಪಲ್ಲಿನ ಮ್ಯಾಕಿಂಟೋಷ್ ಪ್ಲಸ್‌ನಲ್ಲೂ ಇತ್ತು. ಹಾಗಾಗಿ ಪ್ರಿಂಟಿಂಗ್, ಡಿಟಿಪಿ ಮಂದಿ ಕೈಗೆ ಅದು ಬೇಗ ಸಿಕ್ಕಿತು. ಒಂದೇ ಪಟ್ಟಿ ಕೇಬಲ್, 50 ಪಿನ್ನಿನದು. ಅದರ ಉದ್ದಕ್ಕೂ ಡಿಸ್ಕು, ಸ್ಕ್ಯಾನರ್ರು, ಎಲ್ಲವೂ ಒಂದೇ ಹಗ್ಗಕ್ಕೆ ಕಟ್ಟಿದ ದನಗಳ ಹಾಗೆ. ಎಲ್ಲರಿಗೂ ಒಂದೇ ದಾರಿ ಆದ್ದರಿಂದ ಪ್ರತಿಯೊಬ್ಬರಿಗೂ ಬೇರೆ ಬೇರೆ ನಂಬರು ಬೇಕು, 0 ಯಿಂದ 7ರವರೆಗೆ. ಆ ನಂಬರನ್ನು ಕಂಪ್ಯೂಟರ್ ಕೊಡುವುದಿಲ್ಲ. ನಾವೇ, ಕೈಯಿಂದ, ಜಂಪರ್ ಹಾಕಿ ಕೊಡಬೇಕು.

ಹೇಗೆ ಅಂದರೆ, ಡಿಸ್ಕಿನಲ್ಲಿ ಮೂರು ಜೊತೆ ಪಿನ್ನು. ಅಂಗಡಿಯಲ್ಲಿ 1, 2, 5 ಕೆಜಿ ಕಲ್ಲು ಇರುತ್ತಲ್ಲ, ಇಲ್ಲಿ 5ರ ಬದಲು 4. ಏನೂ ಹಾಕದಿದ್ದರೆ ಸೊನ್ನೆ. ಮೊದಲನೇದಕ್ಕೆ ಟೋಪಿ ಹಾಕಿದರೆ 1, ಎರಡನೇದಕ್ಕೆ ಹಾಕಿದರೆ 2, ಎರಡಕ್ಕೂ ಹಾಕಿದರೆ 3. ಮೂರಕ್ಕೂ ಹಾಕಿದರೆ 7, ಆದರೆ ಅದನ್ನು ಮುಟ್ಟೋ ಹಾಗಿಲ್ಲ. 7 ಸಾಮಾನ್ಯವಾಗಿ ಸ್ಕಸಿ ಕಾರ್ಡಿನದು. ಇಬ್ಬರು ಒಟ್ಟಿಗೆ ಮಾತಾಡೋಕೆ ಹೋದರೆ ದೊಡ್ಡ ನಂಬರಿನವನು ಮೊದಲು, ಹಾಗಾಗಿ ಯಜಮಾನನಿಗೆ 7.

ಎರಡು ಡಿಸ್ಕಿಗೂ ಒಂದೇ ನಂಬರ್ ಇದ್ದರೆ ಏನಾಗುತ್ತೆ ಅನ್ನೋದನ್ನ ಚಿಕ್ಕಪ್ಪ ನನಗೆ ನನ್ನ ಕ್ಲಾಸಿನ ಲೆಕ್ಕದಲ್ಲೇ ಹೇಳಿದ್ದರು. ನಮ್ಮ ಕ್ಲಾಸಿನಲ್ಲಿ ಮೂವರು ಬಸವರಾಜರು. ನಮ್ಮ ಕಡೆ ಅದೇನು ವಿಶೇಷ ಅಲ್ಲ. ಮೇಷ್ಟ್ರು ಹಾಜರಿ ಕೂಗುವಾಗ "ಬಸವರಾಜ" ಅಂದರೆ ಮೂವರೂ ಒಟ್ಟಿಗೆ "ಎಸ್ ಸಾರ್". ಒಬ್ಬ ಚಕ್ಕರ್ ಹೊಡೆದರೂ ಮೇಷ್ಟ್ರಿಗೆ ಗೊತ್ತಾಗುತ್ತಿರಲಿಲ್ಲ. ಆಮೇಲೆ ಮೇಷ್ಟ್ರೇ ಡ್ರೈವರ್ ಬಸವರಾಜ, ಕುಂದೂರು ಬಸವರಾಜ, ಸಣ್ಣ ಬಸವರಾಜ ಅಂತ ಮಾಡಿಕೊಂಡರು. ಸ್ಕಸಿ ಕಾರ್ಡೂ ಹಾಗೇ ಒಂದೊಂದೇ ನಂಬರ್ ಕೂಗುತ್ತೆ. ಸೊನ್ನೆ ಅಂದಾಗ ಇಬ್ಬರು ಎದ್ದು ನಿಂತರೆ ಅದಕ್ಕೆ ತಲೆಕೆಡುತ್ತೆ. ಕೆಲವೊಮ್ಮೆ ಇಬ್ಬರೂ ಕಾಣಿಸುವುದಿಲ್ಲ. ಕೆಲವೊಮ್ಮೆ ಒಬ್ಬನಿಗೆ ಬರೆಯಬೇಕಾದದ್ದು ಇನ್ನೊಬ್ಬನ ಮೇಲೂ ಹೋಗಿ ಕೂರುತ್ತೆ. ಅದು ಇನ್ನೂ ಕಷ್ಟ.

ಚಿಕ್ಕಪ್ಪ ಚಿಮಟದಲ್ಲಿ ಟೋಪಿ ಹಿಡಿದು ಎರಡನೇ ಜೊತೆಗೆ ಕೂರಿಸಿದರು. ಹೊಸ ಡಿಸ್ಕು 2 ಆಯಿತು. ಆದರೂ ಎದ್ದೇಳಲಿಲ್ಲ. ಆಮೇಲೆ ನೆನಪಾಯಿತು, ಟರ್ಮಿನೇಟರ್. ಕೇಬಲ್ಲಿನ ಎರಡೂ ತುದಿಯಲ್ಲಿ ಅದು ಇರಬೇಕು, ನಡುವೆ ಎಲ್ಲೂ ಇರಬಾರದು. ಇಲ್ಲದಿದ್ದರೆ ಸಿಗ್ನಲ್ಲು ತುದಿಗೆ ಹೋಗಿ ಬಡಿದು ವಾಪಸ್ ಬರುತ್ತೆ. "ಹೊಳೆ ನೀರು ದಂಡೆಗೆ ಬಡಿದು ತಿರುಗಲ್ವೇನೋ, ಹಂಗೆ" ಅಂದರು. ತುಂಗಭದ್ರೆ ಹತ್ತಿರವೇ ಹರಿಯುತ್ತಾಳೆ, ನಮ್ಮಲ್ಲಿ ಎಲ್ಲಾ ಉದಾಹರಣೆಗೂ ಅವಳೇ. ನಡುವಿನ ಡಿಸ್ಕಿನ ಟರ್ಮಿನೇಟರ್ ಜಂಪರ್ ಕಿತ್ತ ಮೇಲೆ ಮಷಿನ್ ಎದ್ದಿತು. ಪೇಜ್‌ಮೇಕರ್ ತೆರೆದುಕೊಂಡಿತು, ಶ್ರೀಲಿಪಿ ಅಕ್ಷರದಲ್ಲಿ ಗಣಪತಿ ಶ್ಲೋಕ ಮೂಡಿತು. ಹುಡುಗಿ ಅಪ್ಪ ಬೆಂಚಿನ ಮೇಲೆ ನಿದ್ದೆ ಹೋಗಿದ್ದರು.

ಅವತ್ತು ರಾತ್ರಿ ಚಿಕ್ಕಪ್ಪ ಒಂದು ಹಾಳಾದ ಮದುವೆ ಕಾರ್ಡಿನ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದು ಗೋಡೆಗೆ, ಕ್ಯಾಲೆಂಡರ್ ಪಕ್ಕ ಅಂಟಿಸಿದರು. ಅದು ನನಗೆ ಬಾಯಿಪಾಠ: 0 ಕಂಪ್ಯೂಟರ್, 1 ಕಾರ್ಡು, 2 ಫೋಟೋ, 5 ಸ್ಕ್ಯಾನರ್, 6 ಜಿಪ್, 7 ಮುಟ್ಟಬಾರದು. ಜಿಪ್ ಡ್ರೈವ್ ಅಂದರೆ 100 ಎಂಬಿಯ ದಪ್ಪ ಫ್ಲಾಪಿ ನುಂಗುವ ನೀಲಿ ಡಬ್ಬ. ಅದರ ಸ್ಕಸಿ ಮಾದರಿಗೆ 5 ಅಥವಾ 6 ಬಿಟ್ಟರೆ ಬೇರೆ ನಂಬರ್ ಕೊಡೋಕೇ ಬರುತ್ತಿರಲಿಲ್ಲ, ಹಿಂದೆ ಒಂದು ಸಣ್ಣ ಸ್ವಿಚ್ ಅಷ್ಟೇ. ಡಿಸ್ಕುಗಳ ಮೈಮೇಲೂ ಅದೇ ಪೆನ್ಸಿಲ್ ನಂಬರು, ಪಕ್ಕದಲ್ಲಿ ಆಯುಧ ಪೂಜೆಯ ವಿಭೂತಿ.

ಮುಂದಿನ ಹದಿನೈದು ವರ್ಷ ಬೇಗ ಹೇಳಿಬಿಡುತ್ತೇನೆ. ರೀಲು ಹೋಗಿ ಡಿಜಿಟಲ್ ಬಂತು. ಸ್ಕಸಿ ಮಷಿನ್ ಅಟ್ಟ ಸೇರಿತು. ನಡುವೆ ಮಾಸ್ಟರ್, ಸ್ಲೇವ್ ಅಂತ ಜಂಪರ್ ಹಾಕುವ ಐಡಿಇ ಡಿಸ್ಕುಗಳು ಬಂದವು, ಅವೂ ಹೋದವು. 2003ರಲ್ಲಿ ಶುರುವಾದ ಸಾಟಾದಲ್ಲಿ ಒಂದು ಕೇಬಲ್ಲಿಗೆ ಒಂದೇ ಡಿಸ್ಕು, ಹಾಗಾಗಿ ನಂಬರ್ ಕೊಡುವ ಗೊಡವೆಯೇ ಇಲ್ಲ. ಚುಚ್ಚಿದರೆ ಆಯಿತು. ಚಿಕ್ಕಪ್ಪನ ಹೊಸ ಮಷಿನ್ನಿನಲ್ಲಿ ಅಂಥವು ಮೂರು ಸೇರಿದವು. ನಾನು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಹೋದೆ. ಕ್ಯಾಲೆಂಡರ್ ವರ್ಷ ವರ್ಷ ಬದಲಾಯಿತು, ಪಕ್ಕದ ಕಾರ್ಡು ಮಾತ್ರ ಹಳದಿಯಾಗಿ ಅಲ್ಲೇ ಇತ್ತು.

2020ರಲ್ಲಿ ಲಾಕ್‌ಡೌನ್ ಆದಾಗ ಲ್ಯಾಪ್‌ಟಾಪ್ ಎತ್ತಿಕೊಂಡು ಊರಿಗೆ ಬಂದೆ. ಲಗ್ನದ ಸೀಸನ್ನು ಪೂರ್ತಿ ಹೋಗಿತ್ತು. ಚಿಕ್ಕಪ್ಪ ಶಟರ್ ಅರ್ಧ ಎತ್ತಿಕೊಂಡು ಸುಮ್ಮನೆ ಕೂತಿರುತ್ತಿದ್ದರು. ಅವರ ವಿಂಡೋಸ್ ಇದ್ದ 250 ಜಿಬಿ ಡಿಸ್ಕು ಟಕ್ ಟಕ್ ಅನ್ನೋಕೆ ಶುರು ಮಾಡಿತ್ತು. ಅದು ಸಾಯುವ ಮುಂಚಿನ ಸದ್ದು. ಉಳಿದ ಎರಡು 1 ಟಿಬಿಯವು. ಒಂದೇ ಕಂಪನಿ, ಒಂದೇ ಮಾಡೆಲ್, ಒಂದೇ ದಿನ ಒಂದೇ ಅಂಗಡಿಯಲ್ಲಿ ತಂದದ್ದು. ಒಂದರಲ್ಲಿ 2009ರಿಂದ 2014ರವರೆಗಿನ ಮದುವೆಗಳು. ಇನ್ನೊಂದು ಮುಂದಕ್ಕೆ ಬೇಕಾಗುತ್ತೆ ಅಂತ ತಂದಿದ್ದು, ಖಾಲಿ.

"ನಾನು ಮಾಡಿಕೊಡ್ತೀನಿ ಬಿಡಿ ಚಿಕ್ಕಪ್ಪ" ಅಂದೆ. ಸಾಯುವ ಡಿಸ್ಕನ್ನು ಖಾಲಿ ಡಿಸ್ಕಿಗೆ ಇದ್ದಹಾಗೇ ನಕಲು ಮಾಡುವುದು, ಅರ್ಧ ದಿನದ ಕೆಲಸ. ಆಫೀಸಿನಲ್ಲಿ ನೂರಾರು ಸರ್ವರ್ ನೋಡಿಕೊಳ್ಳುವವನಿಗೆ ಇದೇನು ಮಹಾ?

ಪೆನ್ ಡ್ರೈವಿನಿಂದ ಲಿನಕ್ಸ್ ಶುರು ಮಾಡಿದೆ. ಲಿನಕ್ಸಿನಲ್ಲಿ ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಅಂತ ಹೆಸರು. ಎಸ್‌ಡಿ ಅಂದರೆ ಸ್ಕಸಿ ಡಿಸ್ಕ್. ಹೌದು, ಅಟ್ಟ ಸೇರಿದ ಅದೇ ಸ್ಕಸಿ. ಸಾಟಾ ಡಿಸ್ಕು, ಪೆನ್ ಡ್ರೈವು ಎಲ್ಲವನ್ನೂ ಲಿನಕ್ಸ್ ಇವತ್ತಿಗೂ ಆ ಮನೆತನದ ಹೆಸರಿನಲ್ಲೇ ಕರೆಯುತ್ತೆ. ಪರಿಶೀಲಿಸಿದೆ. ಎಸ್‌ಡಿಎ ವಿಂಡೋಸು, ಎಸ್‌ಡಿಬಿ ಖಾಲಿ, ಎಸ್‌ಡಿಸಿ ಮದುವೆಗಳು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ ಕೂಡ. ಎಸ್‌ಡಿಎಯನ್ನು ಎಸ್‌ಡಿಬಿಗೆ ಸುರಿ ಅಂತ ಕಮಾಂಡ್ ಕೊಟ್ಟೆ. ಐದು ನಿಮಿಷಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಕುಂಯ್ ಕುಂಯ್ ಅಂದು ಅದೂ ಹೋಯಿತು.

ಮುಕ್ಕಾಲು ಗಂಟೆ ಆದ ಮೇಲೆ ಕರೆಂಟ್ ಬಂತು. ಮತ್ತೆ ಲಿನಕ್ಸ್ ಶುರು ಮಾಡಿದೆ. ನೋಟ್‌ಬುಕ್ ನೋಡಿ ಅದೇ ಕಮಾಂಡ್ ಹಾಕಿದೆ. ಮತ್ತೆ ಪರಿಶೀಲಿಸಲಿಲ್ಲ. ಮುಕ್ಕಾಲು ಗಂಟೆ ಹಿಂದೆ ತಾನೇ ನೋಡಿದ್ದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಐದನೇ ಕ್ಲಾಸಿನಲ್ಲಿ ನನ್ನ ಹಾಜರಿ ನಂಬರ್ 17. ವರ್ಷದ ನಡುವೆ ಅಜ್ಜಯ್ಯ ಅಂತ ಒಬ್ಬ ಹುಡುಗ ಸೇರಿದ. ಅಕ್ಷರಮಾಲೆ ಪ್ರಕಾರ ಬರೆಯುವ ಹೊಸ ಹಾಜರಿ ಪುಸ್ತಕದಲ್ಲಿ ಅವನು 1, ನಾವೆಲ್ಲಾ ಒಂದೊಂದು ಕೆಳಗೆ. ನಾನು 18 ಆದೆ. 17 ಅಂದಾಗ ಅಭ್ಯಾಸಬಲದಿಂದ ನಾನೂ ಕೂಗಿ, ನಿಜವಾದ 17ನೆಯವನೂ ಕೂಗಿ, ಬೆಂಚಿನ ಮೇಲೆ ನಿಂತಿದ್ದೂ ಆಯಿತು. ಎಸ್‌ಡಿಎ, ಎಸ್‌ಡಿಬಿ ಅಂದರೆ ಅಷ್ಟೇ, ಹಾಜರಿ ನಂಬರು. ಕಂಪ್ಯೂಟರ್ ಏಳುವಾಗ ಯಾವ ಡಿಸ್ಕು ಮೊದಲು ಕಣ್ಣಿಗೆ ಬಿತ್ತೋ ಅದಕ್ಕೆ ಮುಂದಿನ ಅಕ್ಷರ. ಒಂದು ಡಿಸ್ಕು ತಿರುಗೋಕೆ ಒಂದು ಕ್ಷಣ ತಡ ಮಾಡಿದರೆ ಸಾಲು ಬದಲು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಇಂಟರ್‌ವ್ಯೂನಲ್ಲಿ ಬೇರೆಯವರಿಗೆ ಕೇಳಿದ್ದೇನೆ. ಎರಡನೇ ಸಲ ಎದ್ದಾಗ ಎಸ್‌ಡಿಬಿ ಆಗಿದ್ದು ಮದುವೆಗಳ ಡಿಸ್ಕು.

ಇಪ್ಪತ್ತು ನಿಮಿಷ ಆಗಿತ್ತು. ಚಿಕ್ಕಮ್ಮ ಚಾ ತಂದುಕೊಟ್ಟರು. ಅದು ಆಗೋವರೆಗೆ ನಮ್ಮ ಅಕ್ಕನ ಮದುವೆ ಫೋಟೋ ತೆಗಿ, ನೋಡೋಣ ಅಂದರು ಚಿಕ್ಕಪ್ಪ. ಅಕ್ಕನ ಮದುವೆ 2010ರಲ್ಲಿ ಆಗಿದ್ದು. ಆ ಡಿಸ್ಕಿನ ಮೇಲೆ ಕ್ಲಿಕ್ ಮಾಡಿದೆ. ತೆರೆಯಲಿಲ್ಲ. ಮತ್ತೆ ಮಾಡಿದೆ. ಎರರ್ ಓದಿದೆ, ಅದರಲ್ಲಿ ಎಸ್‌ಡಿಬಿ ಅಂತ ಇತ್ತು. ಹೊಟ್ಟೆಯಲ್ಲಿ ಏನೋ ಕಳಚಿ ಬಿದ್ದ ಹಾಗಾಯಿತು. ಕಂಟ್ರೋಲ್ ಸಿ ಒತ್ತಿದೆ. 97 ಜಿಬಿ ಬರೆದಾಗಿದೆ ಅಂತ ತೋರಿಸಿ ನಿಂತಿತು.

ಚಿಕ್ಕಪ್ಪನಿಗೆ ಹೇಳದೆ ಸರಿಮಾಡಿಬಿಡಬಹುದಾ ಅಂತ ಒಂದು ನಿಮಿಷ ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಅವರು ನನ್ನ ಮುಖ ನೋಡುತ್ತಿದ್ದರು. ಮೂವತ್ತು ವರ್ಷ ಜನರ ಮುಖ ನೋಡಿ "ಸ್ವಲ್ಪ ನಗ್ರಿ" ಅಂದ ಮನುಷ್ಯ.

"ಎಷ್ಟು ಹೋತು?"

ಹೇಳಿದೆ.

ಅವರು ಏನೂ ಅನ್ನಲಿಲ್ಲ. ಎದ್ದು ಹೋಗಿ ಶಟರ್ ಪೂರ್ತಿ ಎತ್ತಿದರು, ಯಾವ ಗಿರಾಕಿಯೂ ಇಲ್ಲದ ರಸ್ತೆ ನೋಡುತ್ತಾ ನಿಂತರು. ವಾಪಸ್ ಬಂದು "ಚಾ ಆರ್ತೈತೆ, ಕುಡಿ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಮದುವೆ ಮಾಡಿಸಿಕೊಂಡವರ ಹತ್ತಿರ ಆಲ್ಬಮ್ ಇದೆಯಲ್ಲ, ಅಂಥದ್ದೇನು ಹೋಯಿತು ಅಂತ ನಿಮಗನ್ನಿಸಬಹುದು. ನನಗೂ ಆ ಕ್ಷಣ ಅದೇ ಸಮಾಧಾನ. ಅದನ್ನೇ ಹೇಳಿದಾಗ ಚಿಕ್ಕಪ್ಪ ಅಂದದ್ದು: "ಆಲ್ಬಮ್ಮಿಗೆ ಹೋಗೋದು ಗಂಡು ಹೆಣ್ಣು, ಅವರ ಕಡೆ ನಾಕು ಜನ. ಉಳಿದೋರೆಲ್ಲಾ ಇದ್ರಾಗೇ ಇರೋದು." ಒಂದು ಮದುವೆಗೆ ಸಾವಿರ ಫೋಟೋ ತೆಗೆದರೆ ಆಲ್ಬಮ್ಮಿಗೆ ಹೋಗುವುದು ನೂರೈವತ್ತು. ಪಂಕ್ತಿಯಲ್ಲಿ ಕೂತವರು, ವಾಲಗದವರು, ಕಂಬಕ್ಕೆ ಒರಗಿ ನಿಂತ ಅಜ್ಜ, ಅಕ್ಷತೆ ಹಾಕಲು ಕೈ ಎತ್ತಿದ ದೂರದ ನೆಂಟರು. ಊರಲ್ಲಿ ಯಾರಾದರೂ ತೀರಿಕೊಂಡರೆ, ಗೋಡೆಗೆ ಹಾಕೋಕೆ ಒಳ್ಳೇ ಫೋಟೋ ಇಲ್ಲದಿದ್ದರೆ, ಮನೆಯವರು ಬರುತ್ತಿದ್ದದ್ದು ಚಿಕ್ಕಪ್ಪನ ಹತ್ತಿರ. ಇಂಥವರ ಮದುವೆಗೆ ಬಂದಿದ್ದರಲ್ಲ, ನೋಡಿ ಅಣ್ಣ ಅಂತ. ಅವರು ಫೋಲ್ಡರ್ ತೆರೆದು ಹುಡುಕಿ, ಹಿಂದಿನ ಸಾಲಿನಿಂದ ಒಂದು ಮುಖ ಕತ್ತರಿಸಿ ದೊಡ್ಡದು ಮಾಡಿ ಕೊಡುತ್ತಿದ್ದರು.

ಬರೆದುಹೋದ 97 ಜಿಬಿ ಮೇಲೆ ಏನೂ ಮಾಡುವ ಹಾಗಿರಲಿಲ್ಲ. ಅಕ್ಕನ ಮದುವೆಯ ಬಹುಪಾಲು ಅದರೊಳಗೆ ಹೋಯಿತು. ಉಳಿದ ಜಾಗದಲ್ಲಿ ಫೋಟೋಗಳು ಹಾಗೇ ಇದ್ದವು, ಆದರೆ ಅವುಗಳ ಹೆಸರು, ಯಾವುದು ಯಾವ ಫೋಲ್ಡರಿನದು ಅನ್ನುವ ಪಟ್ಟಿ ಇರಲಿಲ್ಲ. ವಿಂಡೋಸಿನ ಡಿಸ್ಕಿನಲ್ಲಿ ಆ ಪಟ್ಟಿ ಸಾಮಾನ್ಯವಾಗಿ ಶುರುವಿನಲ್ಲೇ, ಮೂರು ಜಿಬಿ ಆಸುಪಾಸು ಇರುತ್ತೆ. ನಾನು ಮೊದಲ ನಿಮಿಷದಲ್ಲೇ ಅದನ್ನು ಅಳಿಸಿದ್ದೆ.

ಫೋಟೋರೆಕ್ ಅಂತ ಒಂದು ಉಚಿತ ಪ್ರೋಗ್ರಾಂ ಇದೆ. ಪಟ್ಟಿ ಇಲ್ಲದಿದ್ದರೂ ಡಿಸ್ಕಿನ ಮೇಲೆ ಇಂಚಿಂಚೇ ಹೋಗುತ್ತಾ, ಫೋಟೋ ಫೈಲಿನ ಶುರುವಿನಲ್ಲಿ ಇರುವ ಗುರುತು ಕಂಡಲ್ಲಿ ಅಲ್ಲಿಂದ ಎತ್ತಿಡುತ್ತೆ. ಬೇರೆ ಡಿಸ್ಕಿಗೇ ಎತ್ತಿಡಬೇಕು, ಅದೇ ಡಿಸ್ಕಿಗೆ ಬರೆದರೆ ಉಳಿದದ್ದೂ ಹೋಗುತ್ತೆ. ರಾತ್ರಿಯೆಲ್ಲಾ ಓಡಿಸಿದೆ. ಬೆಳಿಗ್ಗೆ ಲೆಕ್ಕ 61,000 ದಾಟಿತ್ತು. ಒಂದಕ್ಕೂ ಹೆಸರಿಲ್ಲ. ಎಫ್ ಅಂತ ಶುರುವಾಗಿ ಉದ್ದ ಅಂಕಿ. ಯಾವ ಮದುವೆ, ಯಾವ ಊರು, ಏನೂ ಇಲ್ಲ. ಫೋಟೋದೊಳಗೆ ತಾರೀಕು ಇರುತ್ತಲ್ಲ ಅಂತ ನಾನು ಪ್ರೋಗ್ರಾಂ ಬರೆದು ವಿಂಗಡಿಸಿದೆ. ಅರ್ಧಕ್ಕರ್ಧ 2007ರ ಜನವರಿ 1 ಅಂತ ಬಂತು. ಚಿಕ್ಕಪ್ಪನ ಒಂದು ಕ್ಯಾಮೆರಾದ ಒಳಗಿನ ಬ್ಯಾಟರಿ ಸತ್ತುಹೋಗಿತ್ತಂತೆ, ಪ್ರತೀ ಸಲ ಆನ್ ಮಾಡಿದಾಗ ಅದಕ್ಕೆ ಹೊಸ ವರ್ಷ.

ಹಾಗಾಗಿ ಉಳಿದದ್ದು ಚಿಕ್ಕಪ್ಪನ ಕಣ್ಣು. ಸಂಜೆ ಏಳರಿಂದ ಹತ್ತು, ದಿನಾ ಕೂತೆವು. ನಾನು ಮುಂದಿನ ಫೋಟೋ ಒತ್ತುವುದು, ಅವರು ಹೇಳುವುದು. "ಇದು ಸಾಸ್ವೆಹಳ್ಳಿ. ಹಿಂದ್ಗಡೆ ಕಮಾನು ನೋಡು, ಥರ್ಮಾಕೋಲಿಂದು, ಒಂದು ನವಿಲಿಗೆ ಕುತ್ಗಿ ಮುರ್ದೈತೆ." "ಇದು ಚೀಲೂರು. ಈ ಭಟ್ರು ಅವತ್ತು ಒಂದ್ ತಾಸು ತಡವಾಗಿ ಬಂದಿದ್ರು." "ಈ ಹುಡುಗಿ ಅಳ್ತಿರೋದು ಅಪ್ಪ ಬರ್ಲಿಲ್ಲ ಅಂತ." ಅವರ ನೆನಪಿನಲ್ಲಿ ಮದುವೆಗಳು ತಾರೀಕಿನ ಸಾಲಿನಲ್ಲಿರಲಿಲ್ಲ. ಜಗಳ, ಮಳೆ, ಕೆಟ್ಟುಹೋದ ಪಾಯಸದ ಲೆಕ್ಕದಲ್ಲಿದ್ದವು. ಯಾವುದೂ ಅಲ್ಲ ಅಂದವನ್ನು ನಾನು "ಯಾರೋ" ಅಂತ ಒಂದು ಫೋಲ್ಡರಿಗೆ ಹಾಕುತ್ತಾ ಹೋದೆ.

ನಡುವೆ ಒಂದು ರಾತ್ರಿ ಅವರು ಗೋಡೆ ಮೇಲಿನ ಹಳದಿ ಕಾರ್ಡು ತೋರಿಸಿ ಕೇಳಿದರು, ಈಗಿನ ಡಿಸ್ಕಿಗೆ ಹಿಂಗೆ ನಂಬರ್ ಇಲ್ವೇನೋ ಅಂತ. ಇದೆ. ಅದೇ ನನಗೆ ನಾಚಿಕೆ ತಂದದ್ದು. ಪ್ರತೀ ಡಿಸ್ಕಿಗೂ ಫ್ಯಾಕ್ಟರಿಯಲ್ಲೇ ಸೀರಿಯಲ್ ನಂಬರ್ ಕೊಟ್ಟಿರುತ್ತಾರೆ, ಮೈಮೇಲಿನ ಸ್ಟಿಕ್ಕರಿನಲ್ಲೂ ಪ್ರಿಂಟಾಗಿರುತ್ತೆ. ಲಿನಕ್ಸಿನಲ್ಲಿ ಬೈ-ಐಡಿ ಅಂತ ಒಂದು ಫೋಲ್ಡರ್ ಇದೆ, ಅದರಲ್ಲಿ ಡಿಸ್ಕಿನ ಹೆಸರಾಗಿ ಇರುವುದು ಮಾಡೆಲ್ಲು ಮತ್ತು ಆ ಸೀರಿಯಲ್ಲು. ಯಾವ ತೂತಿಗೆ ಚುಚ್ಚಿದರೂ, ಎಷ್ಟನೆಯವನಾಗಿ ಎದ್ದರೂ ಅದು ಬದಲಾಗಲ್ಲ. ನಾನು ಎಸ್‌ಡಿಬಿ ಅನ್ನುವ ಮೂರು ಅಕ್ಷರದ ಬದಲು ಆ ಉದ್ದ ಹೆಸರು ಟೈಪ್ ಮಾಡಿದ್ದರೆ ಸಾಕಿತ್ತು. ಉದ್ದ ಅಂತ ಬಿಟ್ಟೆ. ನೀವು ಇದನ್ನು ಓದುತ್ತಿರುವ ಹೊತ್ತಿನಲ್ಲಿ ಯಾವುದಾದರೂ ಡಿಸ್ಕು ಫಾರ್ಮ್ಯಾಟ್ ಮಾಡುವ ಯೋಚನೆಯಲ್ಲಿದ್ದರೆ ಮೊದಲು ಸ್ಟಿಕ್ಕರಿನ ಕೊನೆಯ ನಾಲ್ಕು ಅಕ್ಷರ ನೋಡಿಕೊಳ್ಳಿ. ವಿಂಡೋಸಿನ ಡಿ, ಇ, ಎಫ್ ಅನ್ನೂ ಹೆಚ್ಚು ನಂಬಬೇಡಿ.

ಚಿಕ್ಕಪ್ಪನಿಗೆ ಇದನ್ನು ಹೇಳುವಾಗ ನಮ್ಮೂರಿನ ಉದಾಹರಣೆಯೇ ಸಿಕ್ಕಿತು. ನಾನು ಹುಟ್ಟಿದಾಗ ಹೊನ್ನಾಳಿ ಶಿವಮೊಗ್ಗ ಜಿಲ್ಲೆ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಯಿತು, ನಾವೂ ಚನ್ನಗಿರಿಯೂ ಆ ಕಡೆ ಹೋದೆವು. ನನ್ನ ಜನನ ಪತ್ರದಲ್ಲಿ ಒಂದು ಜಿಲ್ಲೆ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು. ಮೊದಲ ಕೆಲಸಕ್ಕೆ ಸೇರುವಾಗ ದಾಖಲೆ ನೋಡುವವರು ಫೋನ್ ಮಾಡಿ, ನೀವು ಯಾವಾಗ ಊರು ಬದಲಾಯಿಸಿದ್ದು ಅಂತ ಕೇಳಿದ್ದರು. ಊರು ಅಲ್ಲೇ ಇದೆ ಮೇಡಂ, ಜಿಲ್ಲೆ ಎದ್ದು ಹೋಗಿದ್ದು ಅಂದಿದ್ದೆ. ಈಗ ನ್ಯಾಮತಿಯೂ ನಮ್ಮಿಂದ ಬೇರೆಯಾಗಿ ತಾಲ್ಲೂಕಾಗಿದೆ. ಚೀಲೂರಿನ ಮದುವೆಗಳ ಫೋಲ್ಡರನ್ನು ಹೊನ್ನಾಳಿ ತಾಲ್ಲೂಕಿನಲ್ಲಿ ಇಡೋದೋ ನ್ಯಾಮತಿಯಲ್ಲೋ ಅಂತ ಚಿಕ್ಕಪ್ಪ ನಿಜವಾಗಿಯೂ ಕೇಳಿದರು. ಊರಿನ ಹೆಸರಲ್ಲಿ ಇಡೋಣ ಅಂದೆ.

ಅಷ್ಟಕ್ಕೇ ಬುದ್ಧಿ ಬಂತು ಅಂದುಕೊಳ್ಳಬೇಡಿ. ಎತ್ತಿಟ್ಟ ಫೋಟೋಗಳಿಗೆ ಇನ್ನೊಂದು ಬ್ಯಾಕಪ್ ಇರಲಿ ಅಂತ ಹೊಸ ಡಿಸ್ಕು ತರಿಸಿ, ಈ ಸಲ ಸೀರಿಯಲ್ ನೋಡಿಯೇ, ಒಂದಕ್ಕೊಂದು ಪೂರ್ತಿ ನಕಲು ಮಾಡಿದೆ. ಎರಡನ್ನೂ ಒಟ್ಟಿಗೆ ಚುಚ್ಚಿಟ್ಟರೆ, ಅವತ್ತು ಹೊಸದಾಗಿ ವಿಂಗಡಿಸಿದ ಫೋಲ್ಡರುಗಳು ಮಾರನೇ ದಿನ ಮಾಯ! ಅದರ ಮರುದಿನ ವಾಪಸ್! ಕಾರಣ ಯುಯುಐಡಿ. ಡಿಸ್ಕನ್ನು ಫಾರ್ಮ್ಯಾಟ್ ಮಾಡುವಾಗ ಒಳಗಿನ ಜಾಗಕ್ಕೆ 32 ಅಂಕಿ ಅಕ್ಷರಗಳ ಒಂದು ಗುರುತು ಬರೆಯುತ್ತಾರೆ. ಅದು ಜಗತ್ತಿನಲ್ಲಿ ಇನ್ನೊಂದಕ್ಕೆ ಇರುವುದಿಲ್ಲ ಅನ್ನುವಷ್ಟು ದೊಡ್ಡ ಸಂಖ್ಯೆ, ಲಿನಕ್ಸ್ ಅದನ್ನು ನಂಬಿಯೇ ಡಿಸ್ಕು ತೆರೆಯುತ್ತೆ. ಆದರೆ ಇದ್ದಹಾಗೇ ನಕಲು ಮಾಡಿದರೆ ಆ ಗುರುತೂ ನಕಲಾಗುತ್ತೆ. ಎರಡು ಡಿಸ್ಕು, ಒಂದೇ ಗುರುತು. ಯಾವುದು ಮೊದಲು ಸಿಕ್ಕಿತೋ ಅದು ತೆರೆಯುತ್ತಿತ್ತು.

"ಅಂದ್ರೆ ಮತ್ತೆ ಇಬ್ರು ಬಸವರಾಜ" ಅಂದರು ಚಿಕ್ಕಪ್ಪ, ಮುಸಿ ಮುಸಿ ನಗುತ್ತಾ. ಅವತ್ತಿನಿಂದ ಆಚೆ ಅವರು ನಕ್ಕದ್ದು ಅದೇ ಮೊದಲು. ಒಂದಕ್ಕೆ ಹೊಸ ಗುರುತು ಕೊಟ್ಟೆ, ಒಂದು ಕಮಾಂಡಿನ ಕೆಲಸ. ಅವರು ಹಳದಿ ಕಾರ್ಡಿನ ಪಕ್ಕ ಹೊಸದೊಂದು ಕಾರ್ಡು ಅಂಟಿಸಿ, ಪ್ರತೀ ಡಿಸ್ಕಿನ ಸೀರಿಯಲ್ಲಿನ ಕೊನೆಯ ನಾಲ್ಕು ಅಕ್ಷರ ಮಾರ್ಕರಿನಲ್ಲಿ ಬರೆದರು. ಡಿಸ್ಕಿನ ಅಂಚಿಗೂ ಬಿಳಿ ಟೇಪು ಸುತ್ತಿ ಅದನ್ನೇ ಬರೆದರು. ನಕಲಿನ ಡಿಸ್ಕಿನ ಟೇಪಿನ ಮೇಲೆ "ಸಣ್ಣ ಬಸವರಾಜ" ಅಂತಲೂ ಇದೆ.

2021ರ ಮೇ ತಿಂಗಳಲ್ಲಿ ಮತ್ತೆ ಲಾಕ್‌ಡೌನ್. ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅಂಗಡಿ, ಅದೂ ದಿನಸಿ ತರಕಾರಿಯವರದು. ಸ್ಟುಡಿಯೋ ಪೂರ್ತಿ ಬಂದ್. ಆದರೆ ಆ ತಿಂಗಳು ಚಿಕ್ಕಪ್ಪನ ಮನೆಗೆ ಬಂದಷ್ಟು ಜನ ಲಗ್ನದ ಸೀಸನ್ನಿನಲ್ಲೂ ಬಂದಿರಲಿಲ್ಲ. ಎಲ್ಲರಿಗೂ ಒಂದೇ ಬೇಕು, ಫ್ರೇಮಿಗೆ ಫೋಟೋ. ವಾಟ್ಸ್ಆಪಿನಲ್ಲಿ ಆಧಾರ್ ಕಾರ್ಡಿನ ಫೋಟೋ ಕಳಿಸಿ ಇದನ್ನೇ ದೊಡ್ಡದು ಮಾಡಿ ಅನ್ನುತ್ತಿದ್ದರು. ಆಧಾರ್ ಫೋಟೋ ನಿಮಗೆ ಗೊತ್ತಲ್ಲ.

ಒಂದು ಬೆಳಿಗ್ಗೆ ಒಬ್ಬ ಹೆಂಗಸು ಮಗನ ಬೈಕಿನ ಹಿಂದೆ ಕೂತು ಬಂದರು. ಬಾಗಿಲ ಆಚೆಯೇ ನಿಂತರು. ಯಜಮಾನರನ್ನು ದಾವಣಗೆರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು, ವಾಪಸ್ ಬಂದಿದ್ದು ಬರೀ ಚೀಟಿ. ಮುಖ ಕೂಡ ನೋಡಿಲ್ಲ. "ಅಣ್ಣಾ, ಅವ್ರದ್ದು ಒಂದು ಫೋಟೋ ಇಲ್ಲ. ಅಡಿಗೆ ಭಟ್ರ ಜೊತೆ ಬಡಸಾಕೆ ಹೋಗ್ತಿದ್ರು. ನಿಮ್ ಫೋಟೋದಾಗೆ ಎಲ್ಯಾರ ಇದಾರೇನೋ ನೋಡ್ರಿ." ಯಾವ ಮದುವೆ? ಗೊತ್ತಿಲ್ಲ. ಎಷ್ಟೋ ಮದುವೆ.

ಬಡಿಸುವವರ ಫೋಟೋ ಯಾರೂ ತೆಗೆಯಲ್ಲ. ಅವರು ಊಟದವರ ಫೋಟೋದ ಅಂಚಿನಲ್ಲಿ ಅರ್ಧ ತೋಳು, ಒಂದು ಬಕೆಟ್ಟು, ಬಗ್ಗಿದ ಬೆನ್ನು ಆಗಿ ಇರುತ್ತಾರೆ. ಚಿಕ್ಕಪ್ಪ ಊರಿನ ಫೋಲ್ಡರುಗಳನ್ನು ತೆರೆಯಲೇ ಇಲ್ಲ. "ಯಾರೋ ತೆಗಿ" ಅಂದರು. ಗಂಡು ಹೆಣ್ಣು ಇಲ್ಲದ, ಕಮಾನು ಇಲ್ಲದ, ಯಾವ ಮದುವೆ ಅಂತ ಹೇಳೋಕೆ ಬಾರದ ಫೋಟೋಗಳೆಲ್ಲಾ ಸೇರಿದ್ದು ಅಲ್ಲಿಗೇ. ಹೆಚ್ಚಿನವು ಪಂಕ್ತಿಯವೇ. ಮಗನ ಮುಖದ ಫೋಟೋ ಒಂದು ತೆಗೆದಿಟ್ಟುಕೊಂಡು, ಅಂಥದೇ ಮೂಗು ಹುಡುಕುತ್ತಾ ಎರಡು ರಾತ್ರಿ ಕೂತೆವು. ಎರಡನೇ ರಾತ್ರಿ ಒಂದು ಗಂಟೆ ಹೊತ್ತಿಗೆ ಸಿಕ್ಕಿತು. ಸಾರಿನ ಬಕೆಟ್ ಹಿಡಿದು, ಸೌಟು ಎತ್ತಿ, ಕ್ಯಾಮೆರಾ ಕಡೆ ತಿರುಗಿ ನಕ್ಕಿದ್ದರು. ಯಾರು ಏನು ತಮಾಷೆ ಮಾಡಿದ್ದರೋ.

ಚಿಕ್ಕಪ್ಪ ಎಂದಿನಂತೆ ಕತ್ತು ಕತ್ತರಿಸಿ, ಹಿಂದೆ ನೀಲಿ ಬಣ್ಣ ಹಾಕಿ, ಕೋಟು ತೊಡಿಸೋಕೆ ಶುರು ಮಾಡಿದರು. ನಮ್ಮ ಕಡೆ ಗೋಡೆ ಮೇಲಿನ ಹಿರಿಯರಲ್ಲಿ ಅರ್ಧ ಜನ ಒಂದೇ ಕೋಟು ಹಾಕಿರುವುದು ಹೀಗೆ, ಫೋಟೋಶಾಪಿನದು. ಬೆಳಿಗ್ಗೆ ಮಗ ಬಂದು ಸ್ಕ್ರೀನ್ ನೋಡಿದ. ಮೊದಲಿನದು ತೋರಿಸಿ ಅಂದ. ತೋರಿಸಿದೆವು. ಫೋನ್ ಮಾಡಿ ತಾಯಿಗೂ ಕಳಿಸಿದ. ಆಮೇಲೆ ಬಕೆಟ್ ಇರಲಿ ಅಂದ.

"ಯಾರೋ" ಫೋಲ್ಡರಿನಲ್ಲಿ ಈಗಲೂ ಒಂಬತ್ತು ಸಾವಿರ ಚಿಲ್ಲರೆ ಇವೆ. ಹಬ್ಬಕ್ಕೆ ಹೋದಾಗ ಕೂರುತ್ತೇವೆ, ಐದು ಹತ್ತು ಕಡಿಮೆಯಾಗುತ್ತವೆ. ಹೋದ ವಾರ ಚಿಕ್ಕಪ್ಪ ಫೋನ್ ಮಾಡಿದ್ದರು, ಇನ್ನೊಂದು ಡಿಸ್ಕು ತಂದಿದ್ದಾರಂತೆ, 4 ಟಿಬಿಯದು. ಇನ್ನೂ ಚುಚ್ಚಿಲ್ಲ. ಬರುವಾಗ ಮಾರ್ಕರ್ ತಗೊಂಡು ಬಾ ಅಂದರು, ಹಳೇದು ಒಣಗಿದೆಯಂತೆ.